ಹಾರಲು ಬಾರದ ಫ್ಯಾಂಟಮ್ ನಮ್ಮ ಮನಸ್ಸಿನಲ್ಲಿ ಹೇಗೆ ಉಳಿದ?

ಪ್ರಶ್ನೆ: ಕಾಳಿತೀರ (ಕಾರವಾರ)

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಕುಮಟಾ ಹತ್ತಿರದ ನಮ್ಮ ಅಜ್ಜಿಮನೆಯ ಹೆಂಚು ತೆಗೆಸಿ ಮತ್ತೆ ಹೊದಿಸುವ ಕೆಲಸಕ್ಕಾಗಿ ಅಟ್ಟ ಖಾಲಿ ಮಾಡುತ್ತಿದ್ದಾಗ, ಹಳೆಯ ಬಲೆ ಮತ್ತು ತೆಂಗಿನಕಾಯಿಗಳ ರಾಶಿಯ ಹಿಂದೆ ಒಂದು ತಗಡಿನ ಟ್ರಂಕು ಸಿಕ್ಕಿತು. ಅದರೊಳಗೆ ನನ್ನ ಸೋದರಮಾವ ಕೂಡಿಟ್ಟಿದ್ದ ಕನ್ನಡದ ಇಂದ್ರಜಾಲ ಕಾಮಿಕ್ಸ್ 17 ಇದ್ದವು. ಅವುಗಳಲ್ಲಿ 14, ಮುಸುಕು ಹಾಕಿಕೊಂಡು ಕಾಡಿನಲ್ಲಿ ದುಷ್ಟರನ್ನು ಎದುರಿಸುವ ವೀರ ಫ್ಯಾಂಟಮ್‌ನ ಚಿತ್ರಕಥೆಗಳು. ಕೆಲವು ಪುಸ್ತಕಗಳ ಅಂಚನ್ನು ಹುಳ ತಿಂದಿದೆ, ಪಿನ್ನುಗಳು ತುಕ್ಕು ಹಿಡಿದು ನಡುವಿನ ಹಾಳೆಗಳಿಗೆ ಕೆಂಪು ಕಲೆ ಇಳಿದಿದೆ, ಆದರೆ ಬಣ್ಣಗಳು ಮಾತ್ರ ಇನ್ನೂ ಗಟ್ಟಿಯಾಗಿವೆ. ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ, ಅದನ್ನು ಯಾರು ಯಾರು ಒಯ್ದು ಓದಿದರು, ಯಾವ ದಿನ ಮರಳಿಸಿದರು ಎಂಬುದನ್ನು ಮಾವ ಶಾಯಿಯಲ್ಲಿ ಬರೆದಿಟ್ಟಿದ್ದಾರೆ. ಒಂದು ಪುಸ್ತಕದ ಪಟ್ಟಿಯಲ್ಲಿ 23 ಹೆಸರುಗಳಿವೆ.

ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಅವಷ್ಟನ್ನೂ ಮೂರೇ ದಿನಗಳಲ್ಲಿ ಓದಿ ಮುಗಿಸಿದಳು. ಇಂದಿನ ಚಲನಚಿತ್ರಗಳ ಮಹಾವೀರರೆಲ್ಲ ಅವಳಿಗೆ ಪರಿಚಿತರು. ಹಾಗಾಗಿಯೇ ಅವಳು ಕೇಳಿದ ಪ್ರಶ್ನೆ ನನ್ನನ್ನು ಕಟ್ಟಿಹಾಕಿತು: "ಅಪ್ಪ, ಇವನಿಗೆ ಹಾರಲಿಕ್ಕೆ ಬರುವುದಿಲ್ಲ, ಗುಂಡು ತಾಗಿದರೆ ರಕ್ತ ಬರುತ್ತದೆ, ಅಪ್ಪನೂ ಅಜ್ಜನೂ ಸತ್ತೇ ಹೋಗಿದ್ದಾರೆ. ಹಾಗಿದ್ದ ಮೇಲೆ ಎಲ್ಲರೂ ಇವನಿಗೆ ಯಾಕೆ ಹೆದರುತ್ತಾರೆ?"

ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈ ಪಾತ್ರ ಎಲ್ಲಿ, ಹೇಗೆ ಹುಟ್ಟಿತು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ. ಅದಕ್ಕಿಂತ ಹೆಚ್ಚಾಗಿ, ಕಥೆಗಳಿಗೇನೂ ಬರವಿಲ್ಲದ ನಮ್ಮ ಈ ಕರಾವಳಿಯ ಹಳ್ಳಿಯಲ್ಲಿ 23 ಮಂದಿ ಸರದಿಯ ಮೇಲೆ ಒಯ್ದು ಓದುವಷ್ಟು ಪ್ರೀತಿಯನ್ನು ಈತ ಗಳಿಸಿದ್ದು ಯಾವುದರಿಂದ?


ಉತ್ತರ: ಮಲೆನಾಡ ಓದುಗ (ಶಿರಸಿ)

ನಿಮ್ಮ ಮಾವನವರ ಪಟ್ಟಿಯ ಸಂಗತಿ ಓದಿ ಮನಸ್ಸು ತುಂಬಿ ಬಂತು. ಪಾತ್ರದ ಹುಟ್ಟಿನ ಬಗ್ಗೆ ನಾನು ಬಹಳ ವರ್ಷಗಳಿಂದ ಓದಿಕೊಂಡು ಬಂದಿರುವುದರಿಂದ ಆ ಭಾಗಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಫ್ಯಾಂಟಮ್‌ನ ಸೃಷ್ಟಿಕರ್ತ ಲೀ ಫಾಕ್, 1911ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದವರು. 1934ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ಅವರು ಮಾಂಡ್ರೇಕ್ ಎಂಬ ಜಾದೂಗಾರನ ಚಿತ್ರಕಥೆಯನ್ನು ಕಿಂಗ್ ಫೀಚರ್ಸ್ ಸಿಂಡಿಕೇಟ್ ಎಂಬ ಸಂಸ್ಥೆಯ ಮೂಲಕ ಪತ್ರಿಕೆಗಳಿಗೆ ಕೊಟ್ಟರು. ಅದು ಗೆದ್ದ ಮೇಲೆ ಸಂಸ್ಥೆಯವರು ಇನ್ನೊಂದು ಕಥೆ ಕೇಳಿದರು. ಫಾಕ್ ಮೊದಲು ಆರ್ಥರ್ ರಾಜನ ಕಥೆಯನ್ನು ಮುಂದಿಟ್ಟರು, ಅದು ಒಪ್ಪಿಗೆಯಾಗಲಿಲ್ಲ. ಆಗ ಹುಟ್ಟಿದವನು ಫ್ಯಾಂಟಮ್. 1936ರ ಫೆಬ್ರವರಿ 17ರಂದು ರೇ ಮೂರ್ ಅವರ ಚಿತ್ರಗಳೊಂದಿಗೆ ಆತನ ಮೊದಲ ಕಂತು ಪ್ರಕಟವಾಯಿತು. ಕಥೆಯೊಳಗೆ ಫ್ಯಾಂಟಮ್ ಎಂಬುದು ತಂದೆಯಿಂದ ಮಗನಿಗೆ ಇಳಿದು ಬರುವ ಹೆಸರು; ಅದನ್ನು ಹೊತ್ತ ಮೊದಲನೆಯವನ ಕಥೆ ಶುರುವಾಗುವುದು 1536ರಲ್ಲಿ ಎಂಬುದನ್ನು ಗಮನಿಸಿ. ಸರಿಯಾಗಿ ನಾನೂರು ವರ್ಷಗಳ ಅಂತರ.

ನಮಗೆ ಗೊತ್ತಿರುವ ಫ್ಯಾಂಟಮ್ ಮೊದಲ ದಿನವೇ ಪೂರ್ತಿಯಾಗಿ ರೂಪುಗೊಂಡಿರಲಿಲ್ಲ. ಹಗಲಿನಲ್ಲಿ ಸೋಮಾರಿಯಂತೆ ಕಾಣುವ ಜಿಮ್ಮಿ ವೆಲ್ಸ್ ಎಂಬ ನಗರದ ಶ್ರೀಮಂತ ಯುವಕನೇ ರಾತ್ರಿ ಮುಸುಕು ಹಾಕಿಕೊಂಡು ದುಷ್ಟರನ್ನು ಶಿಕ್ಷಿಸುವವನು ಎಂದು ತೋರಿಸುವುದು ಫಾಕ್ ಅವರ ಮೊದಲ ಯೋಚನೆಯಾಗಿತ್ತು. ಮೊದಲ ಕಥೆ ನಡೆಯುತ್ತಿರುವಾಗಲೇ ಅವರು ಅದನ್ನು ಕೈಬಿಟ್ಟು, ನಾಯಕನನ್ನು ಕಾಡಿಗೆ ಒಯ್ದರು. ಅವನ ಹಿಂದೆ ತಲೆಬುರುಡೆಯ ಗುಹೆ, ಶಪಥ ಮತ್ತು ಇಪ್ಪತ್ತು ಪೂರ್ವಜರ ಸಾಲನ್ನು ನಿಲ್ಲಿಸಿದರು. ನನ್ನ ದೃಷ್ಟಿಯಲ್ಲಿ ಈ ಪಾತ್ರ ನಿಜವಾಗಿ ಹುಟ್ಟಿದ್ದು ಆ ತಿರುವಿನಲ್ಲಿ. ಶ್ರೀಮಂತ ಯುವಕನ ಇಬ್ಬಗೆಯ ಬದುಕು ಮುಂದೆ 1939ರಲ್ಲಿ ಬಂದ ಬ್ಯಾಟ್‌ಮನ್‌ನಲ್ಲಿ ಬೇರೊಂದು ಬಗೆಯಲ್ಲಿ ಬೆಳೆಯಿತು. ಫ್ಯಾಂಟಮ್‌ಗಾದರೋ ಮುಸುಕಿನ ಹಿಂದೆ ಬೇರೆ ಬದುಕೇ ಇಲ್ಲ.

ಮೈಗಂಟಿದ ಉಡುಪು ಮತ್ತು ಕಣ್ಣಾಲಿ ಕಾಣದ ಮುಸುಕು ಈ ಎರಡೂ ನಂತರದ ಮಹಾವೀರರಿಗೆಲ್ಲ ರೂಢಿಯಾದವು. ಸೂಪರ್‌ಮ್ಯಾನ್ ಕಾಣಿಸಿಕೊಂಡ ಸಂಚಿಕೆಯ ಮೇಲಿರುವುದು 1938ರ ಜೂನ್ ತಿಂಗಳು. ಎಂದರೆ ಫ್ಯಾಂಟಮ್ ಅವನಿಗಿಂತ ಎರಡು ವರ್ಷಕ್ಕೂ ಹೆಚ್ಚು ಹಿರಿಯ. ಹಳೆಯ ಗ್ರೀಕ್ ಶಿಲ್ಪಗಳಲ್ಲಿ ಕಣ್ಣುಗಳಿಗೆ ಆಲಿ ಇಲ್ಲದಿರುವುದು ಅಮಾನುಷವಾದ, ಭಯ ಹುಟ್ಟಿಸುವ ಭಾವವನ್ನು ಕೊಡುತ್ತದೆ ಎಂಬುದರಿಂದ ತಮಗೆ ಆ ಕಣ್ಣುಗಳು ಹೊಳೆದವು ಎಂದು ಫಾಕ್ ಹೇಳಿಕೊಂಡಿದ್ದಾರೆ. ಉಡುಪಿನ ಬಣ್ಣದ ಕಥೆಯೂ ಸ್ವಾರಸ್ಯವಾಗಿದೆ. ಫಾಕ್ ಅವರ ಮನಸ್ಸಿನಲ್ಲಿ ಇದ್ದದ್ದು ಬೂದು ಬಣ್ಣ. ದಿನಪತ್ರಿಕೆಯ ಕಂತುಗಳು ಕಪ್ಪು ಬಿಳುಪಿನಲ್ಲಿದ್ದುದರಿಂದ ಅದು ಯಾರಿಗೂ ಗೊತ್ತಾಗಲಿಲ್ಲ. 1939ರಲ್ಲಿ ಭಾನುವಾರದ ಬಣ್ಣದ ಪುಟಗಳು ಶುರುವಾದಾಗ ಅದು ನೇರಳೆಯಾಗಿ ಅಚ್ಚಾಯಿತು, ಹಾಗೆಯೇ ನಿಂತುಹೋಯಿತು. ಇಟಲಿಯ ಓದುಗರಿಗೆ ಆತ ಕೆಂಪು, ಸ್ವೀಡನ್ ನಾರ್ವೆಗಳಲ್ಲಿ ನೀಲಿ. ನಮ್ಮ ದೇವಿಮನೆ ಘಟ್ಟದಂಥ ಕಾಡಿನಲ್ಲಿ ಬೂದು ಬಣ್ಣದವನು ಮರದ ಬುಡದಲ್ಲಿ ಅಡಗಿಕೊಂಡಾನು, ನೇರಳೆಯವನಿಗೆ ಅದು ಸಾಧ್ಯವಿಲ್ಲ. ಆದರೆ ಆತ ಅಡಗಲು ಬಂದವನಲ್ಲ, ಕಾಣಿಸಿಕೊಳ್ಳಲು ಬಂದವನು ಎಂದು ನನಗೆ ಅನ್ನಿಸುತ್ತದೆ.

ಇನ್ನು ನಮ್ಮ ದೇಶದ ವಿಷಯ. ಇಂಗ್ಲಿಷ್ ಓದುಗರಿಗೆ ಇಲಸ್ಟ್ರೇಟೆಡ್ ವೀಕ್ಲಿಯ ಮೂಲಕ ಆತ ಮೊದಲೇ ಪರಿಚಿತನಾಗಿದ್ದ. ಎಲ್ಲರ ಕೈಗೂ ಎಟುಕಿದ್ದು ಮಾತ್ರ 1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದ ಮೇಲೆ. ಮೊದಲ ಸಂಚಿಕೆ ಫ್ಯಾಂಟಮ್‌ನ ಸೊಂಟಪಟ್ಟಿಯ ಕಥೆ. ನಂತರ ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, 1976ರಲ್ಲಿ ನಮ್ಮವನೇ ಆದ ಬಹಾದೂರ್ ಬಂದರೂ, 1990ರಲ್ಲಿ ಪ್ರಕಟಣೆ ನಿಲ್ಲುವವರೆಗೆ ಆ ಮಾಲೆಯ ಜೀವ ಫ್ಯಾಂಟಮ್‌ನೇ ಆಗಿದ್ದ. ಅನುವಾದಿಸಿದವರು ಫ್ಯಾಂಟಮ್‌ನ ಕಾಡಿರುವ, ಮೂಲದಲ್ಲಿ ಬಂಗಾಲಾ ಎಂಬ ಕಲ್ಪಿತ ದೇಶವನ್ನು ಡೆಂಕಾಲಿ ಎಂದೂ, ಕಡಲ್ಗಳ್ಳರಾದ ಸಿಂಗ್‌ಗಳನ್ನು ಸಿಂಗಾ ಎಂದೂ ಬದಲಿಸಿದ್ದರು. ಇಲ್ಲಿನ ಓದುಗರಿಗೆ ನೋವಾಗಬಾರದೆಂಬ ಎಚ್ಚರ ಅದರಲ್ಲಿತ್ತು. ನಮಗೆ ಅದಾವುದೂ ತಿಳಿದಿರಲಿಲ್ಲ. ಶಿರಸಿಯ ಬಸ್ ನಿಲ್ದಾಣದ ಹತ್ತಿರ ಒಂದು ಗೂಡಂಗಡಿಯಲ್ಲಿ, ಸುತಳಿ ಹಗ್ಗಕ್ಕೆ ಬಟ್ಟೆಯ ಕ್ಲಿಪ್ ಹಾಕಿ ತೂಗುಬಿಟ್ಟ ಪುಸ್ತಕಗಳ ಪೈಕಿ ಹೊಸದು ಯಾವುದು ಎಂಬುದನ್ನು ರಸ್ತೆಯ ಆಚೆ ಬದಿಯಿಂದಲೇ ಗುರುತಿಸುತ್ತಿದ್ದೆವು. ಡೆಂಕಾಲಿ ಎಂಬ ಊರು ಆಫ್ರಿಕದ ಕಾಡಿನಲ್ಲಿ ನಿಜವಾಗಿಯೂ ಇದೆಯೆಂದು ನಾನು ಹೈಸ್ಕೂಲಿಗೆ ಹೋಗುವವರೆಗೂ ನಂಬಿದ್ದೆ.


ಉತ್ತರ: ಗಂಗಾವಳಿ (ಅಂಕೋಲಾ)

ಶಿರಸಿಯ ಹಿರಿಯರು ಬರೆದುದಕ್ಕೆ ಒಂದು ಚಿಕ್ಕ ತಿದ್ದುಪಡಿ ಸೇರಿಸಲು ಅನುಮತಿ ಕೋರುತ್ತೇನೆ. ಆ ಕಾಡು ಆರಂಭದಲ್ಲಿ ಆಫ್ರಿಕದ್ದಾಗಿರಲಿಲ್ಲ. ಮೊದಲ ಕಥೆಗಳಲ್ಲಿ ಅದು ಏಷ್ಯಾದ ಯಾವುದೋ ಕಡಲ ಅಂಚು, ಹೆಸರೂ ಬಂಗಾಳವನ್ನು ನೆನಪಿಸುವಂಥದ್ದು, ಕಡಲ್ಗಳ್ಳರ ಹೆಸರಂತೂ ಭಾರತದ್ದೇ. ಕಥೆಗಳು ಮುಂದುವರಿದಂತೆ ಅದು ನಿಧಾನವಾಗಿ ಆಫ್ರಿಕಕ್ಕೆ ಸರಿಯಿತು. ಕಿಪ್ಲಿಂಗ್‌ನ ಮೋಗ್ಲಿ ಮತ್ತು ಟಾರ್ಜನ್, ಈ ಎರಡೂ ತಮ್ಮ ಮೇಲೆ ಪ್ರಭಾವ ಬೀರಿದ್ದನ್ನು ಫಾಕ್ ಒಪ್ಪಿಕೊಂಡಿದ್ದಾರೆ. ಭಾರತದ ಕಾಡೂ ಆಫ್ರಿಕದ ಕಾಡೂ ಅವರ ಕಲ್ಪನೆಯಲ್ಲಿ ಬೆರೆತುಹೋದದ್ದು ಹಾಗೆ.

ಕಥೆ 1536ರಲ್ಲಿ ಕಡಲ್ಗಳ್ಳರು ಹಡಗನ್ನು ಸುಟ್ಟು, ಒಬ್ಬನೇ ಒಬ್ಬ ಈಜಿ ದಡ ಸೇರುವುದರಿಂದ ಶುರುವಾಗುತ್ತದೆ. ಆ ಕಾಲದ ನಮ್ಮ ಕಡಲು ನಿಜವಾಗಿಯೂ ಅಂಥದ್ದೇ ಆಗಿತ್ತು. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿಯುವಾಗ ಅವನನ್ನು ಹುರಿದುಂಬಿಸಿ ನೆರವಾದ ತಿಮೋಜ ಹೊನ್ನಾವರದವನು. ವಿಜಯನಗರದ ಪಾಲಿಗೆ ಆತ ಕಡಲ ಮೇಲಿನ ಬಲ, ಆತನ ಕೈಗೆ ಸಿಕ್ಕಿದ ಹಡಗುಗಳವರಿಗೆ ಕಡಲ್ಗಳ್ಳ. ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ 1498ರಲ್ಲೇ ವಾಸ್ಕೋ ಡ ಗಾಮನ ಹಡಗುಗಳು ತಂಗಿದ್ದವು. ಅಟ್ಟದಲ್ಲಿ ಕುಳಿತು ಆ ಪುಸ್ತಕ ಓದಿದ ಕುಮಟೆಯ ಹುಡುಗರಿಗೆ, ಸುಡುತ್ತಿರುವ ಹಡಗಿನ ಆ ಮೊದಲ ಚಿತ್ರ ದೂರದ್ದೆಂದು ಅನ್ನಿಸಿರಲಾರದು.


ಉತ್ತರ: ಶರಾವತಿ ದಡದಿಂದ (ಹೊನ್ನಾವರ)

ನಿಮ್ಮ ಮಗಳ ಪ್ರಶ್ನೆಗೆ ಉತ್ತರಿಸುವ ಆಸೆಯಿಂದ ಬರೆಯುತ್ತಿದ್ದೇನೆ. ಅವನಿಗೆ ಹಾರಲಿಕ್ಕೆ ಬಾರದಿದ್ದರೂ ಯಾಕೆ ಹೆದರುತ್ತಾರೆ ಎಂದು ಅವಳು ಕೇಳಿದ್ದಾಳೆ. ಹೆದರುವುದು ಮನುಷ್ಯನಿಗಲ್ಲ, ವೇಷಕ್ಕೆ ಎಂಬುದು ನನ್ನ ಉತ್ತರ.

ನಾನು ಯಕ್ಷಗಾನದ ಊರಿನವನು. ಹತ್ತು ವರ್ಷದವನಿದ್ದಾಗ ಮೊದಲ ಬಾರಿಗೆ ಅಜ್ಜನ ಕೈ ಹಿಡಿದು ಚೌಕಿಯೊಳಗೆ ಹೋಗಿದ್ದೆ. ಅಲ್ಲಿ ಚಾಪೆಯ ಮೇಲೆ ಕಾಲು ಮಡಚಿ ಕುಳಿತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದುಕೊಂಡು ಒಬ್ಬರು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಅವರು ನಮ್ಮೂರಿನವರೇ; ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕುಳಿತು ಕವಳ ಹಾಕಿದ್ದರು. ಕಣ್ಣಿನ ಸುತ್ತ ಕಪ್ಪು ಎಳೆದು, ಹಣೆಯ ಮೇಲೆ ನಾಮ ತಿದ್ದಿ, ಎದೆಕಟ್ಟು ಭುಜಕೀರ್ತಿ ಬಿಗಿಸಿಕೊಂಡು, ಕೊನೆಗೆ ಕಿರೀಟ ಇಟ್ಟು ಅವರು ಎದ್ದು ನಿಂತಾಗ, ಅಜ್ಜ ನನ್ನನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡ. ನಾನು ಅವರ ಹೆಸರು ಹಿಡಿದು ಕರೆಯಬೇಕೆಂದಿದ್ದೆ. ಗಂಟಲಿನಿಂದ ಧ್ವನಿ ಹೊರಡಲಿಲ್ಲ.

ಫ್ಯಾಂಟಮ್‌ನ ಕಥೆಯ ಗುಟ್ಟು ಇಲ್ಲಿಯೇ ಇದೆ. ದಡ ಸೇರಿದ ಮೊದಲನೆಯವನನ್ನು ಬದುಕಿಸಿದವರು ಬಾಂಡಾರ್ ಎಂಬ ಕುಳ್ಳ ಕಾಡುಜನ. ಅವರು ವಸಾಕಾ ಎಂಬ ಎತ್ತರದ ಜನರಿಗೆ ಗುಲಾಮರಾಗಿದ್ದರು. ಆ ವಸಾಕಾಗಳು ಒಂದು ಉಗ್ರದೇವತೆಯ ಮೂರ್ತಿಯನ್ನು ಪೂಜಿಸಿ ಅದಕ್ಕೆ ಅಂಜುತ್ತಿದ್ದರು. ಮೊದಲ ಫ್ಯಾಂಟಮ್ ತನ್ನ ಉಡುಪನ್ನು ಮಾಡಿಕೊಂಡದ್ದು ಆ ಮೂರ್ತಿಯನ್ನು ನೋಡಿ. ಎಂದರೆ ಅದು ಓಡಾಡುವುದಕ್ಕೆ ಸುಲಭವಾಗಲಿ ಎಂದು ಹೊಲಿಸಿಕೊಂಡ ಬಟ್ಟೆಯಲ್ಲ, ದೇವತೆಯ ವೇಷ. ಅದನ್ನು ತೊಟ್ಟು ಆತ ಎದುರು ನಿಂತಾಗ ವಸಾಕಾಗಳು ಕಂಡದ್ದು ಹಡಗು ಮುಳುಗಿ ಬಂದ ನಿರ್ಗತಿಕನನ್ನಲ್ಲ, ತಮ್ಮ ದೇವರನ್ನು. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು, ಕಡಲ್ಗಳ್ಳತನ, ದುರಾಸೆ, ಕ್ರೌರ್ಯ, ಅನ್ಯಾಯಗಳನ್ನು ಅಳಿಸಲು ತಾನೂ ತನ್ನ ಮಕ್ಕಳೂ ಮೊಮ್ಮಕ್ಕಳೂ ಬದುಕನ್ನು ಮುಡಿಪಾಗಿಡುತ್ತೇವೆ ಎಂದು ಆತ ಮಾಡಿದ ಶಪಥ ಆ ವೇಷವನ್ನು ಮುಂದಿನ ಇಪ್ಪತ್ತು ತಲೆಮಾರುಗಳ ಹೆಗಲಿಗೆ ಏರಿಸಿತು. ಒಬ್ಬ ಸಾಯುತ್ತಾನೆ, ಅವನನ್ನು ಗುಹೆಯೊಳಗೆ ಮಲಗಿಸಲಾಗುತ್ತದೆ, ಮಗ ಅದೇ ಮುಸುಕು ಕಟ್ಟಿಕೊಂಡು ಹೊರಗೆ ಬರುತ್ತಾನೆ. ಹೊರಗಿನವರಿಗೆ ಸಾವು ಕಾಣುವುದೇ ಇಲ್ಲ. ಆದ್ದರಿಂದಲೇ ಆತ ನಡೆದಾಡುವ ಭೂತ.

ನಮ್ಮಲ್ಲಿ ಇದು ಹೊಸತಲ್ಲ. ಇದೇ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ್ದು 1934ರಲ್ಲಿ, ಫಾಕ್ ಅವರ ಮಾಂಡ್ರೇಕ್ ಅಚ್ಚಾದ ವರ್ಷದಲ್ಲೇ. ಅವರ ನಂತರ ಶಂಭು ಹೆಗಡೆಯವರು ಗೆಜ್ಜೆ ಕಟ್ಟಿದರು, ಅವರ ನಂತರ ಶಿವಾನಂದ ಹೆಗಡೆಯವರು. ತಂದೆ ಮಾಡಿದ ಪಾತ್ರವನ್ನು ಮಗ ಮಾಡುವಾಗ ನಮ್ಮ ಹಿರಿಯರು ಮುಖ ನೋಡುವುದಕ್ಕಿಂತ ಮೊದಲು ರಂಗಸ್ಥಳಕ್ಕೆ ಬಂದ ನಡಿಗೆಯನ್ನು ನೋಡುತ್ತಿದ್ದರು. ಹಾಗೆಯೇ ನಮ್ಮ ಹಳ್ಳಿಗಳ ಗಡಿ ಕಾಯುವ ಜಟಗನ ಮಾತು. ರಾತ್ರಿ ಆತ ಸುತ್ತು ಬರುತ್ತಾನೆ, ಆ ಹೊತ್ತಿನಲ್ಲಿ ಗದ್ದೆಯ ಬದುವಿನಲ್ಲಿ ಎದುರಾಗಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅವಳಿಗೆ ನಾನು ಒಂದು ದಿನ ಫ್ಯಾಂಟಮ್‌ನ ಕಥೆಯನ್ನು ಓದಿ ಹೇಳಿದಾಗ, ಅವಳು ಆಶ್ಚರ್ಯವನ್ನೇ ಪಡಲಿಲ್ಲ. "ಆ ಊರಿನ ಜಟಗ ಅವನು" ಎಂದಳು.

ಅತಿಮಾನುಷ ಬಲವುಳ್ಳ ವೀರರನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅವರ ಬಲ ಹುಟ್ಟಿನಿಂದ ಬಂದದ್ದು ಅಥವಾ ಅಪಘಾತದಿಂದ ಬಂದದ್ದು. ಅದನ್ನು ಬಿಟ್ಟುಕೊಡಲು ಅವರಿಗೂ ಆಗದು. ಫ್ಯಾಂಟಮ್‌ನ ಮಗ ಬೇಡವೆಂದು ಹೇಳಬಹುದಿತ್ತು. ಪ್ರತಿ ತಲೆಮಾರೂ ಒಪ್ಪಿಕೊಂಡು ಮುಸುಕು ಕಟ್ಟಿಕೊಳ್ಳುತ್ತದೆ, ಅದರೊಂದಿಗೆ ಒಂದು ದಿನ ಗುಂಡಿಗೋ ಚೂರಿಗೋ ಬಲಿಯಾಗುವುದನ್ನೂ ಒಪ್ಪಿಕೊಳ್ಳುತ್ತದೆ. ನಿಮ್ಮ ಮಗಳಿಗೆ ಆ ರಕ್ತ ಕಂಡದ್ದು ಸರಿಯಾಗಿಯೇ ಕಂಡಿದೆ. ರಕ್ತ ಬಾರದಿದ್ದರೆ ಆ ವೇಷವನ್ನು ತೊಡುವುದರಲ್ಲಿ ಧೈರ್ಯವೇನಿದೆ?


ಉತ್ತರ: ಡಮಾಮ (ಯಲ್ಲಾಪುರ)

ಮೇಲಿನ ಉತ್ತರವನ್ನು ಎರಡು ಸಲ ಓದಿದೆ. ಅದರ ಬಹುಪಾಲನ್ನು ಒಪ್ಪುತ್ತೇನೆ. ಆದರೂ ಈ ಚರ್ಚೆಯಲ್ಲಿ ಯಾರೂ ಎತ್ತದ ಒಂದು ಸಂಗತಿಯನ್ನು ನಾನು ಹೇಳದೆ ಇದ್ದರೆ ಅದು ಹೇಳದೆಯೇ ಉಳಿದುಹೋಗುತ್ತದೆ.

ನಾನು ಸಿದ್ದಿ ಸಮುದಾಯದವನು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಈ ಘಟ್ಟದ ಕಾಡುಗಳನ್ನು ಸೇರಿದವರ ಮಕ್ಕಳು ನಮ್ಮಲ್ಲಿ ಅನೇಕರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಗಳಲ್ಲಿ ನಾವಿದ್ದೇವೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. 1536ರ ಸುಮಾರಿಗೆ ಈ ಕಡಲಲ್ಲಿ ಓಡಾಡುತ್ತಿದ್ದ ಹಡಗುಗಳ ತಳದಲ್ಲಿ ಯಾರಿದ್ದರು ಎಂಬುದು ನಮಗೆ ಬರೀ ಕಥೆಯಲ್ಲ.

ನಾನು ಓದಿದ ಒಂದು ವಸತಿ ಶಾಲೆಯಲ್ಲಿ ಹುಡುಗರು ಪ್ರತಿ ಸಂಜೆ ಫ್ಯಾಂಟಮ್ ಆಟ ಆಡುತ್ತಿದ್ದರು. ಫ್ಯಾಂಟಮ್ ಆಗುವ ಸರದಿ ಎಲ್ಲರಿಗೂ ಬರುತ್ತಿತ್ತು, ನನ್ನನ್ನು ಬಿಟ್ಟು. ನಾನು ಯಾವಾಗಲೂ ಗುರಾನ್, ಎಂದರೆ ಬಾಂಡಾರ್ ಜನರ ಮುಖ್ಯಸ್ಥ, ಫ್ಯಾಂಟಮ್‌ನ ಒಡನಾಡಿ. ಒಂದು ದಿನ ನನಗೂ ಕರವಸ್ತ್ರದ ಮುಸುಕು ಕೊಡಿ ಎಂದು ಕೇಳಿದೆ. ಅಲ್ಲೇ ನಿಂತಿದ್ದ ಒಬ್ಬ ಮೇಷ್ಟ್ರು ನಕ್ಕು, "ನಿನಗೆ ವೇಷವೇ ಬೇಡವಲ್ಲ, ನೀನು ಹುಟ್ಟು ಗುರಾನ್" ಎಂದರು. ವರ್ಷವಿಡೀ ನನ್ನ ಹೆಸರು ಅದೇ ಆಯಿತು. ಆಮೇಲೆ ಬಹಳ ಕಾಲ ಆ ಪುಸ್ತಕಗಳನ್ನು ನಾನು ಮುಟ್ಟಲಿಲ್ಲ.

ದೊಡ್ಡವನಾದ ಮೇಲೆ ಮತ್ತೆ ಓದಿದೆ. ಕಾಡಿನಲ್ಲಿ ಸಾವಿರಾರು ಮಂದಿ ಕಪ್ಪು ಜನರಿದ್ದರೂ ಅವರಿಗೆ ನ್ಯಾಯ ಕೊಡಿಸಲು ಒಬ್ಬ ಬಿಳಿಯನೇ ಬೇಕು ಎಂಬ ನಂಬಿಕೆ ಆ ಕಥೆಗಳ ಬುನಾದಿಯಲ್ಲಿದೆ. ಅದು 1936ರ ಅಮೆರಿಕದ ನಂಬಿಕೆ, ಅದನ್ನು ನಾವು ನೋಡಿಯೂ ನೋಡದಂತೆ ಇರಬಾರದು. ಫಾಕ್ ಅವರೂ ಒಂದೇ ಕಡೆ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಆಫ್ರಿಕದ ದೇಶಗಳು ಒಂದೊಂದಾಗಿ ಸ್ವತಂತ್ರವಾದ 1960ರ ದಶಕದಲ್ಲಿ ಅವರ ಕಾಡಿನ ದೇಶವೂ ಸ್ವತಂತ್ರವಾಯಿತು, ಲುವಾಗಾ ಎಂಬ ಕಪ್ಪು ವೈದ್ಯರು ಅದರ ಅಧ್ಯಕ್ಷರಾದರು. ಆತ ಬುದ್ಧಿವಂತ, ಪ್ರಾಮಾಣಿಕ, ಫ್ಯಾಂಟಮ್‌ಗೆ ಸಮಾನನಾದ ಸ್ನೇಹಿತ. ಕಂತಿನ ಆ ಚೌಕಗಳಲ್ಲಿ ಕೋಟು ತೊಟ್ಟು ಮೇಜಿನ ಹಿಂದೆ ಕುಳಿತ ಲುವಾಗಾನನ್ನು ಮೊದಲ ಬಾರಿ ಕಂಡಾಗ ನಾನು ಆ ಪುಟವನ್ನು ಬಹಳ ಹೊತ್ತು ತಿರುವಲಿಲ್ಲ.

ಅದಕ್ಕಿಂತ ದೊಡ್ಡದು ನನಗೆ ಆಮೇಲೆ ಹೊಳೆಯಿತು. ಹೊನ್ನಾವರದ ಮಿತ್ರರು ವೇಷದ ಬಗ್ಗೆ ಬರೆದಿದ್ದಾರೆ. ಆದರೆ ಚೌಕಿಯಲ್ಲಿ ಇದ್ದವರು ಯಾರು? ಫ್ಯಾಂಟಮ್ ಸಾಯುತ್ತಾನೆಂದು ಗೊತ್ತಿರುವವರು ಬಾಂಡಾರ್ ಜನ ಮಾತ್ರ. ಮೊದಲನೆಯವನನ್ನು ಮರಳಿನಿಂದ ಎತ್ತಿ ಬದುಕಿಸಿದವರು ಅವರು, ಗುಹೆಯ ದಾರಿಯನ್ನು ವಿಷದ ಬಾಣ ಹಿಡಿದು ಕಾಯುವವರು ಅವರು, ನಾನೂರು ವರ್ಷ ಒಬ್ಬನಾದರೂ ಬಾಯಿಬಿಡದೆ ಗುಟ್ಟನ್ನು ಉಳಿಸಿದವರು ಅವರು. ಅವರಲ್ಲಿ ಒಬ್ಬ ಒಂದು ಮಾತು ಆಡಿದ್ದರೆ ನಡೆದಾಡುವ ಭೂತ ಅಂದೇ ಮುಗಿಯುತ್ತಿತ್ತು. ಗುರಾನ್ ಸೇವಕನಲ್ಲ. ಆ ಕಥೆಯನ್ನು ಹೊತ್ತವನು ಅವನು, ಇಪ್ಪತ್ತೊಂದನೆಯವನೊಂದಿಗೆ ಬಾಲ್ಯದಿಂದ ಬೆಳೆದವನು. ಇದನ್ನು ತಿಳಿದ ಮೇಲೆ ಶಾಲೆಯ ಆ ಹೆಸರಿನ ನೋವು ಹೋಯಿತು ಎಂದು ಹೇಳಲಾರೆ, ಆದರೆ ಪುಸ್ತಕದ ಮೇಲಿನ ಸಿಟ್ಟು ಹೋಯಿತು.

ಬೇರೆ ಜನರೂ ಆತನನ್ನು ತಮ್ಮವನನ್ನಾಗಿ ಮಾಡಿಕೊಂಡಿದ್ದಾರೆ. ಪಪುವಾ ನ್ಯೂಗಿನಿಯ ವಾಗಿ ಕಣಿವೆಯ ಜನ ತಮ್ಮ ಕಾಳಗದ ಗುರಾಣಿಗಳ ಮೇಲೆ ಫ್ಯಾಂಟಮ್‌ನ ಚಿತ್ರ ಬರೆದುಕೊಂಡರು. ಸಾಯದ ಹಿರಿಯನ ರೂಪ ಎದುರಿಗಿದ್ದರೆ ಶತ್ರುವಿನ ಬಾಣ ನಿಂತೀತು ಎಂಬ ನಂಬಿಕೆ ಅವರಿಗೆ ಇದ್ದಿರಬೇಕು. ನಮ್ಮ ಕಾರವಾರದಲ್ಲಿ ಕಾಳಿ ನದಿಯ ದಡದಲ್ಲಿರುವ ಖಾಪ್ರಿ ದೇವರೂ ಆಫ್ರಿಕದಿಂದ ಬಂದವನೆಂದೇ ಜನ ನಂಬುತ್ತಾರೆ, ಹರಕೆ ಹೊರುತ್ತಾರೆ. ಕಾಳಿತೀರದವರು ಮಗಳನ್ನು ಒಮ್ಮೆ ಅಲ್ಲಿಗೂ ಕರೆದುಕೊಂಡು ಹೋಗಬೇಕು.


ಉತ್ತರ: ಮಲೆನಾಡ ಓದುಗ (ಶಿರಸಿ)

ಅಂಕೋಲೆಯವರ ತಿದ್ದುಪಡಿ ಸರಿಯಾಗಿದೆ, ಒಪ್ಪಿಕೊಂಡೆ.

ಯಲ್ಲಾಪುರದ ಸಹೋದರರ ಬರಹಕ್ಕೆ ಏನು ಬರೆಯಬೇಕೆಂದು ತಿಳಿಯದೆ ಎರಡು ದಿನ ಸುಮ್ಮನಿದ್ದೆ. ನಮ್ಮ ಕೇರಿಯ ಆಟದಲ್ಲೂ ಗುರಾನ್ ಯಾರಾಗಬೇಕೆಂಬುದು ಆಟ ಶುರುವಾಗುವುದಕ್ಕೆ ಮೊದಲೇ ತೀರ್ಮಾನವಾಗಿರುತ್ತಿತ್ತು. ಎಲ್ಲರಿಗಿಂತ ಕಪ್ಪಗಿದ್ದ, ಎಲ್ಲರಿಗಿಂತ ಚಿಕ್ಕವನಾಗಿದ್ದ ಹುಡುಗನಿಗೆ ಅದನ್ನು ಕೊಡುತ್ತಿದ್ದೆವು, ಅವನು ಬೇಡವೆಂದು ಹೇಳಿದ್ದು ನನಗೆ ಈಗ ನೆನಪಾಗುತ್ತಿದೆ. ಅವನು ಈಗಲೂ ಇದೇ ಊರಿನಲ್ಲಿದ್ದಾನೆ. ನಿನ್ನೆ ಸಂಜೆ ಅವನ ಮನೆಗೆ ಹೋಗಿ, ನಿಮ್ಮ ಬರಹವನ್ನು ಅವನಿಗೆ ಓದಿ ತೋರಿಸಿದೆ.


ಉತ್ತರ: ಕಾಳಿತೀರ (ಕಾರವಾರ)

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ನಿಮ್ಮೆಲ್ಲರ ಉತ್ತರಗಳನ್ನು ಅಚ್ಚು ಹಾಕಿಸಿ ಮಗಳಿಗೆ ಕೊಟ್ಟೆ. ವೇಷದ ಉತ್ತರವನ್ನು ಅವಳು ಮೌನವಾಗಿ ಓದಿದಳು. ಯಲ್ಲಾಪುರದವರ ಉತ್ತರವನ್ನು ಓದಿದ ಮೇಲೆ 14 ಪುಸ್ತಕಗಳನ್ನೂ ಮತ್ತೆ ತೆಗೆದು, ಗುರಾನ್ ಇರುವ ಚೌಕಗಳಿಗೆಲ್ಲ ಸಣ್ಣ ಕಾಗದದ ಚೂರು ಸಿಕ್ಕಿಸುತ್ತಾ ಕುಳಿತಳು. ಅನೇಕ ಚಿತ್ರಗಳಲ್ಲಿ ಫ್ಯಾಂಟಮ್ ಗಾಯಗೊಂಡು ಮಲಗಿರುವಾಗ ಪಕ್ಕದಲ್ಲಿ ಗುರಾನ್ ಎಚ್ಚರವಾಗಿ ಕುಳಿತಿರುತ್ತಾನೆ ಎಂಬುದನ್ನು ಅವಳು ತೋರಿಸುವವರೆಗೆ ನಾನು ಗಮನಿಸಿರಲಿಲ್ಲ. ಖಾಪ್ರಿ ದೇವರ ಗುಡಿಗೆ ಬರುವ ಭಾನುವಾರ ಹೋಗುವುದೆಂದು ನಿಶ್ಚಯಿಸಿದ್ದೇವೆ. ಮಾವ ಬರೆದ ಪಟ್ಟಿಯ ಕೆಳಗೆ, 23 ಹೆಸರುಗಳ ನಂತರ, ತನ್ನ ಹೆಸರನ್ನೂ ದಿನಾಂಕವನ್ನೂ ಬರೆದಿದ್ದಾಳೆ. ಮರಳಿಸಿದ ದಿನದ ಜಾಗವನ್ನು ಖಾಲಿ ಬಿಟ್ಟಿದ್ದಾಳೆ.

ಅವಳಿಂದ ಈಗ ಇನ್ನೊಂದು ಪ್ರಶ್ನೆ ಬಂದಿದೆ. ಇಪ್ಪತ್ತೊಂದನೆಯ ಫ್ಯಾಂಟಮ್ ಡಯಾನಾಳನ್ನು ಮದುವೆಯಾಗಿ, ಅವರಿಗೆ ಕಿಟ್ ಮತ್ತು ಹೆಲೋಯಿಸ್ ಎಂಬ ಅವಳಿ ಮಕ್ಕಳು ಹುಟ್ಟಿದರಲ್ಲ, ಮುಂದಿನ ವೇಷವನ್ನು ಹೆಲೋಯಿಸ್ ಯಾಕೆ ತೊಡಬಾರದು ಎಂದು ಕೇಳುತ್ತಾಳೆ. ಹದಿನೇಳನೆಯ ಫ್ಯಾಂಟಮ್ ಗಾಯಗೊಂಡಿದ್ದಾಗ ಅವನ ಅವಳಿ ತಂಗಿ ಜೂಲಿ ಆ ಮುಸುಕು ಕಟ್ಟಿಕೊಂಡು ಕಾಡಿನಲ್ಲಿ ತಿರುಗಿದ ಕಥೆಯೊಂದಿದೆ ಎಂದು ನಾನು ಹೇಳಿದಾಗ, ಅದನ್ನು ಓದದೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಟ್ರಂಕಿನಲ್ಲಿ ಅದು ಇಲ್ಲ. ಯಾರ ಬಳಿಯಾದರೂ ಕನ್ನಡದಲ್ಲಿ ಆ ಸಂಚಿಕೆ ಇದ್ದರೆ ದಯವಿಟ್ಟು ತಿಳಿಸಿ. ನಾವೇ ನಿಮ್ಮ ಊರಿಗೆ ಬಂದು, ನಿಮ್ಮ ಜಗಲಿಯಲ್ಲಿ ಕುಳಿತು ಓದಿ, ಅಲ್ಲಿಯೇ ಮರಳಿಸಿ ಬರುತ್ತೇವೆ.